ನಾದಿನಿಯ ಕೈಯಲ್ಲಿ ಕಂಡ ಕೆಂಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಿಂಬೆಹಣ್ಣು ತಾನಾಗಿಯೇ ಉರುಳಿತು, ಸತ್ತ ಅಜ್ಜ ಕನಸಿನಲ್ಲಿ ಬಂದು ಬೋರ್‌ವೆಲ್ ಜಾಗ ತೋರಿಸಿದ ಎಂದು ಯಾರಾದರೂ ಶುರು ಮಾಡಿದರೆ, ಅವರ ಮಾತು ಮುಗಿಯುವ ಮೊದಲೇ ನಾನು ನಗುತ್ತಿದ್ದೆ. ಓದಿದ ಹುಂಬನ ನಗು. ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲು ನೆಂಟರು ಹಿಂದೆ ಮುಂದೆ ನೋಡುತ್ತಿದ್ದರು. ನನ್ನ ಹೆಂಡತಿಯ ಸೋದರಮಾವ ಒಮ್ಮೆ ಭಾನಾಮತಿಯ ಸುದ್ದಿ ಎತ್ತಿದಾಗ ಊಟದ ಎಲೆಯ ಮುಂದೆಯೇ ಆತನ ಮಾನ ಕಳೆದೆ. ಆತ ಆಮೇಲೆ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಆ ನಗು ಎಲ್ಲಿಂದ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಾನು ಕೊಪ್ಪಳದಲ್ಲಿ ಸ್ಕ್ಯಾನಿಂಗ್ ಡಾಕ್ಟರು. ಬೇರೆ ಡಾಕ್ಟರು ಚೀಟಿ ಕೊಟ್ಟು ಕಳಿಸಿದವರ ಒಳಗನ್ನು ಯಂತ್ರದಲ್ಲಿ ನೋಡಿ, ಕಂಡದ್ದನ್ನು ಬರೆದುಕೊಡುವುದಷ್ಟೇ ನನ್ನ ಕೆಲಸ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತದೆ ಗಾದೆ. ಬೇಕು ಸ್ವಾಮಿ. ಆ ಕನ್ನಡಿ ಹಿಡಿದೇ ನಾನು ಮನೆ ಕಟ್ಟಿಸಿದ್ದು. ನಮ್ಮ ಮಂದಿಗೆ ಸ್ಕ್ಯಾನಿಂಗ್ ಎಂದರೆ ಬಸುರಿ, ಬಸುರಿ ಎಂದರೆ ಸ್ಕ್ಯಾನಿಂಗ್. ಬೆರಳಿನ ಕೀಲನ್ನೂ ನೋಡುತ್ತೇನೆ ಎಂದರೆ, "ಕೈಯಾಗ ಕೂಸು ಬೆಳೀತೈತೇನ್ರಿ?" ಎಂದು ಬಾಗಿಲಲ್ಲೇ ಕಿಸಕ್ಕನೆ ನಕ್ಕವರುಂಟು. ಅವರನ್ನೂ ನಾನು ಸುಮ್ಮನೆ ಬಿಟ್ಟವನಲ್ಲ.

ಇದು ನಡೆದು ಹತ್ತು ಹನ್ನೆರಡು ವರ್ಷವಾಯಿತು. ಆಗಷ್ಟೇ ಹೊಸ ಯಂತ್ರ ತರಿಸಿದ್ದೆ. ಕೀಲುಗಳನ್ನು ನೋಡಲು ಅದು ತುಂಬ ಒಳ್ಳೆಯದು. ರುಮಟಾಯ್ಡ್ ಸಂಧಿವಾತ ಎಂಬ ಕಾಯಿಲೆಯಲ್ಲಿ ಮೈ ತನ್ನ ಕೀಲುಗಳ ಮೇಲೆ ತಾನೇ ತಿರುಗಿ ಬೀಳುತ್ತದೆ. ಕೀಲಿನ ಒಳಪೊರೆ ಊದುತ್ತದೆ, ಅಲ್ಲಿಗೆ ರಕ್ತ ನುಗ್ಗುತ್ತದೆ, ಹಾಗೇ ಬಿಟ್ಟರೆ ಎಲುಬನ್ನೂ ತಿನ್ನುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಕೆಲವರಿಗೆ ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ. ಆದರೆ ಸ್ಕ್ಯಾನಿಂಗಿನಲ್ಲಿ ಊದಿದ ಪೊರೆ ಕಪ್ಪಗೆ ಕಾಣುತ್ತದೆ, ಡಾಪ್ಲರ್ ಎಂಬ ಗುಂಡಿ ಒತ್ತಿದರೆ ಅಲ್ಲಿ ಹರಿಯುವ ರಕ್ತ ಕೆಂಪಗೆ ಮಿನುಗುತ್ತದೆ. ಒಂದೇ ಎಚ್ಚರ ಬೇಕು. ಪ್ರೋಬನ್ನು, ಅಂದರೆ ಕೈಮೇಲೆ ಆಡಿಸುವ ಆ ಹಿಡಿಕೆಯನ್ನು, ಹಗುರವಾಗಿ ಇಡಬೇಕು. ಒತ್ತಿದರೆ ಸಣ್ಣ ರಕ್ತನಾಳ ಅಮುಕಿಹೋಗಿ ಕೆಂಪು ಮಾಯವಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ವಿದ್ಯೆ ಹುಟ್ಟುತ್ತಲೇ ಬಂದಿರುತ್ತದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಹೋಗಿ ನಿಲ್ಲುವುದು. ತಮ್ಮನ ಕಾರ್ಡಿನಲ್ಲಿ ಅಣ್ಣ ದವಾಖಾನೆ ಸೇರುತ್ತಾನೆ, ಅಕ್ಕನ ಚೀಟಿಯಲ್ಲಿ ತಂಗಿ ರಕ್ತ ಕೊಟ್ಟು ಬರುತ್ತಾಳೆ. ಅರವತ್ತರ ಮುದುಕನೊಬ್ಬ ನನ್ನ ಮುಂದೆಯೇ ಹೊಟ್ಟೆ ಬಿಚ್ಚಿ ಮಲಗಿ, ತನ್ನ ವಯಸ್ಸು ಇಪ್ಪತ್ತೆಂಟು ಎಂದು ಕಣ್ಣು ಮಿಟುಕಿಸದೆ ಹೇಳಿದ್ದ. ಸಿಕ್ಕಿಬಿದ್ದರೆ ನಾಚಿಕೆಯೂ ಇಲ್ಲ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹಾಗೆಂದು ನಾನೇನೂ ಗುರುತಿನ ಚೀಟಿ ಕೇಳುತ್ತಿರಲಿಲ್ಲ. ಹೆಸರು ಕೇಳಿ, ಯಂತ್ರದಲ್ಲಿ ಹೊಡೆದು, ಮುಂದಿನ ಕೆಲಸ ನೋಡುತ್ತಿದ್ದೆ.

ಅವತ್ತು ಗುರುವಾರ. ಮಧ್ಯಾಹ್ನ ಊಟಕ್ಕೆ ಏಳಬೇಕು ಎನ್ನುವಾಗ ಹನುಮಸಾಗರ ಕಡೆಯ ಹಳ್ಳಿಯೊಂದರಿಂದ ಅತ್ತೆ ಸೊಸೆ ಬಂದರು. ಅತ್ತೆಯ ಹೆಸರು ನೀಲಮ್ಮ. ಐವತ್ತು ದಾಟಿದ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ಕೈಯಲ್ಲಿ ಗಂಗಾವತಿಯ ಕೀಲಿನ ಡಾಕ್ಟರ ಚೀಟಿ ಇತ್ತು: ರೇಣುಕಾ, ಇಪ್ಪತ್ನಾಲ್ಕು ವರ್ಷ, ಎರಡೂ ಕೈಗಳಲ್ಲಿ ನೋವು, ರಕ್ತಪರೀಕ್ಷೆಯಲ್ಲಿ ತೀರ್ಮಾನವಾಗಿಲ್ಲ, ಎಕ್ಸ್‌ರೇ ಸ್ವಚ್ಛ, ಕೀಲುಗಳಲ್ಲಿ ಉರಿಯೂತ ಇದೆಯೇ ನೋಡಿ. ನಾನು ಚೀಟಿ ಓದುತ್ತಿದ್ದ ಹಾಗೆಯೇ ನೀಲಮ್ಮ ತನ್ನ ತೀರ್ಪು ಕೊಟ್ಟಳು.

"ಏನೂ ಇಲ್ಲ ಅಂತ ಬರದು ಕೊಡ್ರಿ ಸಾಹೇಬ್ರ. ಆರು ತಿಂಗಳಾತು, ಒಂದು ರೊಟ್ಟಿ ಬಡದಿಲ್ಲ ಈಕಿ. ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ಸೋಮವಾರ ಹಿರ್ಯಾರು ಕೂಡ್ತಾರ, ನಿಮ್ಮ ಕಾಗದ ತೋರ್ಸಿ ತವರಿಗಿ ಕಳಸ್ತೀವಿ."

ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಗಂಡ ಟ್ರ್ಯಾಕ್ಟರ್ ಓಡಿಸುತ್ತಾನಂತೆ. ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ನನಗೆ ಎಲ್ಲರ ಮೇಲೂ ಅಸಹ್ಯವಾಯಿತು. ರೊಟ್ಟಿಗಾಗಿ ಹುಡುಗಿಯೊಬ್ಬಳ ಸಂಸಾರ ಮುರಿಯಲು ಹೊರಟ ಅತ್ತೆ ಒಂದು ಕಡೆ, ಬಾಯಿ ಸತ್ತ ಸೊಸೆ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ, ಸೊಸೆಯ ಕೈ ನೋಡಿದಾಗ ನಾನೂ ಅತ್ತೆಯ ಕಡೆಗೇ ವಾಲಿದೆ. ಎಲ್ಲೂ ಬಾವು ಇರಲಿಲ್ಲ. ಮುಷ್ಟಿ ಬಿಗಿಯಾಗಿ ಮುಚ್ಚುತ್ತಿತ್ತು, ಬೆರಳಿನ ಉಂಗುರ ಸಲೀಸಾಗಿ ತಿರುಗುತ್ತಿತ್ತು. ಸೋಗಿನವರನ್ನು ನಾನು ಬೇಕಾದಷ್ಟು ನೋಡಿದ್ದೆ. ಐದು ನಿಮಿಷದ ಕೆಲಸ, 'ಏನೂ ಕಂಡುಬಂದಿಲ್ಲ' ಎಂದು ಬರೆದು ಊಟಕ್ಕೆ ಏಳುವುದು ಎಂದುಕೊಂಡೆ. ಅತ್ತೆಯನ್ನು ಹೊರಗೆ ಕೂರಿಸಿ, ರೇಣುಕಾ ಎಂದು ಹೆಸರು ಹೊಡೆದು, ಅವಳ ಬಲಗೈಗೆ ಜೆಲ್ ಹಚ್ಚಿದೆ.

ತೋರುಬೆರಳಿನ ಬುಡದ ಗೆಣ್ಣಿನ ಮೇಲೆ ಪ್ರೋಬ್ ಇಟ್ಟ ಕೂಡಲೇ ಪೊರೆ ಕಪ್ಪಗೆ ಉಬ್ಬಿ ನಿಂತದ್ದು ಕಂಡಿತು. ಪಕ್ಕದ ನಡುಬೆರಳಿನಲ್ಲೂ ಹಾಗೇ. ತೋರುಬೆರಳಿನ ಎಲುಬಿನ ಅಂಚಿನಲ್ಲಿ ಇಲಿ ಕಡಿದ ಹಾಗೆ ಸಣ್ಣ ಕಚ್ಚು. ಡಾಪ್ಲರ್ ಒತ್ತಿದೆ. ಪರದೆಯ ತುಂಬ ಕೆಂಪು. ಎಡಗೈಗೆ ಹೋದೆ: ಬೆರಳುಗಳೆಲ್ಲ ಸ್ವಚ್ಛ, ಮಣಿಕಟ್ಟಿನಲ್ಲಿ ಮತ್ತೆ ಅದೇ ಕಪ್ಪು, ಅದೇ ಕೆಂಪು. ಒತ್ತಿ ಕೇಳಿದೆ, ನೋವಿದೆಯೇ ಎಂದು. ಇಲ್ಲರಿ ಅಂದಳು. ಇಷ್ಟು ಉರಿಯುವ ಕೀಲನ್ನು ಒತ್ತಿದರೆ ಮನುಷ್ಯ ಮಂಚದಿಂದ ಎದ್ದು ಓಡಬೇಕು. ಇವಳು ಸುಮ್ಮನೆ ಮಲಗಿದ್ದಳು.

ಯಂತ್ರದ ಮೇಲೆ ಗುಮಾನಿ ಬಂತು. ಡಾಪ್ಲರನ್ನು ಅಳತೆ ಮೀರಿ ಹೆಚ್ಚಿಸಿದರೆ ಇಲ್ಲದ ಕೆಂಪೂ ಕಾಣುವುದುಂಟು. ತಗ್ಗಿಸಿ ನೋಡಿದೆ. ನನ್ನ ಕೈಯನ್ನೇ ನೋಡಿಕೊಂಡೆ, ಏನೂ ಇಲ್ಲ. ಮತ್ತೆ ಅವಳ ಕೈಗೆ ಬಂದರೆ ಕೆಂಪು ಅವಳ ನಾಡಿಯ ಜೊತೆ ಬಡಿದುಕೊಳ್ಳುತ್ತಿತ್ತು. ಕೀಲು ಕೀಲಿನ ಚಿತ್ರ ಹಿಡಿದು, ಅಳತೆ ಹಾಕಿ, ಉಳಿಸಿದೆ. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಅದೇನ್ರಿ ಅದು, ಕೆಂಪಂದು?"

"ನಿನ್ನ ಬ್ಯಾನಿ ಅದವಾ ರೇಣುಕಾ," ಎಂದೆ. "ಸೋಗಲ್ಲ. ಎಲುಬಿನ ತನಕ ಹೋಗೇತಿ."

ಅವಳು ಧಡಕ್ಕನೆ ಎದ್ದು ಕೂತಳು. ಜೆಲ್ ಹಚ್ಚಿದ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಅಳಲು ಶುರು ಮಾಡಿದಳು. "ನಾ ರೇಣುಕಾ ಅಲ್ರಿ ಸಾಹೇಬ್ರ. ನಾ ಸಾವಿತ್ರಿ ರಿ, ಆಕಿ ನಾದಿನಿ. ಆಕಿ ಮನ್ಯಾಗ ಅದಾಳ್ರಿ. ಅವ್ವ ಕರ್ಕೊಂಡು ಬಂದ್ಲು."

ವಿಷಯ ಇಷ್ಟೇ. ನಿಜವಾದ ಸೊಸೆಯನ್ನು ತಂದರೆ ಏನಾದರೂ ಸಿಕ್ಕೀತು ಎಂಬ ಹೆದರಿಕೆ ನೀಲಮ್ಮನಿಗೆ. ಅದಕ್ಕೆ ಅದೇ ಊರಿಗೆ ಕೊಟ್ಟಿದ್ದ ತನ್ನ ಆರೋಗ್ಯವಂತ ಮಗಳನ್ನು ಸೊಸೆಯ ಹೆಸರಿನಲ್ಲಿ ಮಲಗಿಸಿದ್ದಳು. ಸ್ವಚ್ಛ ಕಾಗದ ಸಿಗುತ್ತದೆ, ಸೋಮವಾರ ಸೊಸೆ ತವರಿಗೆ ಹೋಗುತ್ತಾಳೆ. ನಾನು ನೀಲಮ್ಮನನ್ನು ಒಳಗೆ ಕರೆದು ಬಾಯಿಗೆ ಬಂದ ಹಾಗೆ ಬೈದೆ. ಆಕೆ ಕದಲಲಿಲ್ಲ. "ಮನಿಮಂದಿ ಕೈ ಎಲ್ಲಾ ಒಂದ ಅಲ್ಲೇನ್ರಿ?" ಎಂದಳು. ಆ ಮಾತು ಕೇಳಿ ನನಗೆ ಎಷ್ಟು ತಿರಸ್ಕಾರ ಹುಟ್ಟಿತೋ ಹೇಳಲಾರೆ. ಇವತ್ತು ಅದೇ ಮಾತು ಆಗಾಗ ಕಿವಿಯಲ್ಲಿ ಕೇಳುತ್ತದೆ.

ಬೈದು ಮುಗಿಸಿದ ಮೇಲೆ ವಿವೇಕ ಬಂತು. ಮೋಸ ಅವರದಾದರೂ ಕೈ ಈ ಹುಡುಗಿಯದೇ ತಾನೇ? ಕಾಯಿಲೆ ಇವಳಿಗೂ ಇದೆ, ಇನ್ನೂ ನೋವು ಶುರುವಾಗಿಲ್ಲ ಅಷ್ಟೇ ಎಂದುಕೊಂಡೆ. ಹೊಸದಾಗಿ ಸಾವಿತ್ರಿ ಎಂದು ಹೆಸರು ಹೊಡೆದು ಮತ್ತೆ ಮಲಗಿಸಿದೆ. ಅದೇ ಬಲಗೈ, ಅದೇ ತೋರುಬೆರಳು.

ಏನೂ ಇರಲಿಲ್ಲ.

ಸಿಟ್ಟಿನಲ್ಲಿ ಒತ್ತುತ್ತಿದ್ದೇನೆ ಎಂದುಕೊಂಡು ಕೈ ಸಡಿಲ ಮಾಡಿದೆ, ಜೆಲ್ ಧಾರಾಳವಾಗಿ ಸುರಿದೆ, ಪ್ರೋಬ್ ಚರ್ಮಕ್ಕೆ ತಾಗದ ಹಾಗೆ ಹಿಡಿದೆ. ಪೊರೆ ತೆಳ್ಳಗೆ, ಹೇಗಿರಬೇಕೋ ಹಾಗೆ ಇತ್ತು. ಕೆಂಪಿನ ಒಂದು ಚುಕ್ಕೆಯೂ ಇಲ್ಲ. ಬಿಸಿಲಲ್ಲಿ ಬಂದ ಕೈ ಒಳಗಿನ ತಂಪಿಗೆ ಆರಿ ರಕ್ತ ಇಳಿದಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಎಲುಬಿನ ಕಚ್ಚು? ತಿಂದುಹೋದ ಎಲುಬು ತಂಪಿಗೆ ತುಂಬಿಕೊಳ್ಳುತ್ತದೆಯೇ? ಅದರ ಅಂಚು ನುಣ್ಣಗಿತ್ತು. ಹಿಂದಿನ ಕಡತ ತೆಗೆದು ನೋಡಿದೆ. ರೇಣುಕಾ ಹೆಸರಿನ ಕೆಳಗೆ ಕಪ್ಪು, ಕೆಂಪು, ಕಚ್ಚು ಎಲ್ಲ ಹಾಗೇ ಇದ್ದವು. ನಾನು ಇಂಗು ತಿಂದ ಮಂಗನ ಹಾಗೆ ಎರಡನ್ನೂ ನೋಡುತ್ತ ಕೂತೆ.

ಅವರಿಗೆ ಏನೂ ಹೇಳಲಿಲ್ಲ. ನಿಜವಾದ ರೇಣುಕಾಳನ್ನು ಕರೆತರದಿದ್ದರೆ ಯಾವ ಕಾಗದವೂ ಇಲ್ಲ ಎಂದೆ. "ಕೊಡದಿದ್ರ ಬಿಡ್ರಿ, ಹುಬ್ಬಳ್ಳ್ಯಾಗ ಇಲ್ಲೇನು ಮಿಷನ್ನು?" ಎಂದು ನೀಲಮ್ಮ ಸೆರಗು ಕೊಡವಿ ಹೊರಟಳು. ಗಂಗಾವತಿಯ ಡಾಕ್ಟರಿಗೆ ಫೋನು ಮಾಡಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಏನೆಂದು ಹೇಳುವುದು? ನಕ್ಕಾರು ಎಂದು ಇಟ್ಟುಬಿಟ್ಟೆ. ಇನ್ನೊಬ್ಬರ ನಗುವಿಗೆ ನಾನು ಹೆದರಿದ್ದು ಅದೇ ಮೊದಲು.

ಶನಿವಾರ ಸಾವಿತ್ರಿಯೇ ಅತ್ತಿಗೆಯನ್ನು ಕರೆದುಕೊಂಡು ಬಂದಳು. ಕುಷ್ಟಗಿಯಲ್ಲಿ ಯಾರನ್ನೋ ಮಾತಾಡಿಸಿ ಬರುತ್ತೇನೆ ಎಂದು ತಾಯಿಗೆ ಸುಳ್ಳು ಹೇಳಿದ್ದಳಂತೆ. ಎರಡು ದಿನದಿಂದ ನಿದ್ದೆ ಬಂದಿಲ್ಲ ಎಂದಳು. ರೇಣುಕಾ ಸಣ್ಣಗಿನ, ಕಣ್ಣು ಬಾಡಿದ ಹೆಂಗಸು. ಬಲಗೈಯ ಎರಡು ಗೆಣ್ಣುಗಳು ಬಾತು ಹೊಳೆಯುತ್ತಿದ್ದವು. ಮುಷ್ಟಿ ಅರ್ಧಕ್ಕೇ ನಿಂತಿತು. ಎಡ ಮಣಿಕಟ್ಟನ್ನು ಮುಟ್ಟುವ ಮೊದಲೇ ಮುಖ ಕಿವುಚಿದಳು. ಕಣ್ಣಿಗೆ ಕಾಣುವ ಈ ಬಾವನ್ನು ಆರು ತಿಂಗಳು ಸೋಗು ಅಂದ ಮನೆ ಅದು.

ಪ್ರೋಬ್ ಇಟ್ಟೆ. ಮುಂದಿನದನ್ನು ನೀವು ಊಹಿಸಿದ್ದೀರಿ, ನಾನೂ ಊಹಿಸಿದ್ದೆ. ತೋರುಬೆರಳು, ನಡುಬೆರಳು, ಎಡ ಮಣಿಕಟ್ಟು. ಗುರುವಾರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಅಳೆದೆ. ಪೊರೆಯ ದಪ್ಪ ಒಂದೇ. ಕಚ್ಚಿನ ಜಾಗ, ಅಗಲ, ಆಳ ಒಂದೇ. ಬೇರೆ ಯಾರಾದರೂ ಆ ಎರಡು ಚಿತ್ರ ತಂದು ತೋರಿಸಿದ್ದರೆ, ಒಂದೇ ಕೈ ಎಂದು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದೆ. ಹಳೆಯ ಕಡತ ಬೆರೆತಿರಬಹುದಲ್ಲವೇ ಎಂದು ಕೇಳುವಿರಿ. ಯಂತ್ರದ ಕಂಪನಿಯಿಂದ ಬಂದವನೂ ಆಮೇಲೆ ಹಾಗೇ ಅಂದ. ರೇಣುಕಾ ಅದಕ್ಕೂ ಮೊದಲು ಯಾವ ಸ್ಕ್ಯಾನಿಂಗ್ ಮಂಚದ ಮೇಲೂ ಮಲಗಿದವಳಲ್ಲ. ಇಲ್ಲದ ಕಡತ ಎಲ್ಲಿಂದ ಬೆರೆಯಬೇಕು?

ಜೆಲ್ ಒರೆಸಿಕೊಳ್ಳುವಾಗ ರೇಣುಕಾ ತಾನಾಗಿಯೇ ಒಂದು ಮಾತು ಹೇಳಿದಳು. ಗುರುವಾರ ಮನೆಯಲ್ಲಿ ಅವಳೊಬ್ಬಳೇ ಇದ್ದಳಂತೆ. ಊರ ಸಾಲೆಯಲ್ಲಿ ಊಟದ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಕೈಗಳಿಂದ ನೋವು ಹೊರಟುಹೋಯಿತು.

"ಯಾರೋ ಕಳಚಿ ತಗೊಂಡು ಹೋದಂಗ ಆತ್ರಿ. ಮುಷ್ಟಿ ಮುಚ್ಚಿ ನೋಡಿದೆ, ಮುಚ್ಚಿತು. ಎಷ್ಟು ಹೊತ್ತು ಇರತೈತೋ ಅಂತ ಲಗೂ ಲಗೂ ಹಿಟ್ಟು ಕಲಸಿ ರೊಟ್ಟಿ ಬಡದೆ ರಿ. ಡಬ್ಬ್ಯಾಗಿನ ಹಿಟ್ಟು ಅಷ್ಟೂ ಬಡದೆ. ಕಡೀ ರೊಟ್ಟಿ ಹಂಚಿನ ಮ್ಯಾಲೆ ಇದ್ದಾಗ ಬ್ಯಾನಿ ಹೊಳ್ಳಿ ಬಂತು. ತಿರುವಿ ಹಾಕಾಕ ಆಗಲಿಲ್ಲ, ಸೀದು ಹೋತು."

ಗುರುವಾರ ಸಂಜೆ ಅತ್ತೆ ಬಂದು ರೊಟ್ಟಿಯ ಒಟ್ಟಲು ಕಂಡಳು. ಅವಳಿಗೆ ಇನ್ನೇನು ಬೇಕು? ನಾವಿಲ್ಲದಾಗ ಬಡಿಯುತ್ತಾಳೆ, ನಮ್ಮ ಮುಂದೆ ನರಳುತ್ತಾಳೆ ಎಂದು ಓಣಿಯ ಮಂದಿಯನ್ನೆಲ್ಲ ಕರೆದು ರೊಟ್ಟಿ ತೋರಿಸಿದಳಂತೆ. ಸೋಮವಾರ ಹಿರಿಯರ ಮುಂದೆ ಇಡಲೆಂದು ಆ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಆರು ತಿಂಗಳಲ್ಲಿ ಸಿಕ್ಕ ಅರ್ಧ ತಾಸಿನ ಸುಖ ಈ ಹೆಣ್ಣಿನ ಕುತ್ತಿಗೆಗೇ ಬಂದಿತ್ತು. ನಾನು ಎದ್ದು ಹೋಗಿ ಗುರುವಾರದ ಚಿತ್ರಗಳ ಮೇಲೆ ಅಚ್ಚಾದ ಸಮಯ ನೋಡಿದೆ. ಮೊದಲ ಕೆಂಪು ಚಿತ್ರ ಒಂದಕ್ಕೆ ಹತ್ತು ನಿಮಿಷವಿದ್ದಾಗ ಹಿಡಿದದ್ದು. ಸಾವಿತ್ರಿಯ ಹೆಸರಿನ ಸ್ವಚ್ಛ ಚಿತ್ರ ಒಂದೂ ಇಪ್ಪತ್ತರದು. ಎಷ್ಟು ಹೊತ್ತಿಗೆ ನೋವು ತಿರುಗಿ ಬಂತು ಎಂದು ಕೇಳಿದೆ. ಊಟ ಮುಗಿದು ಮಕ್ಕಳು ಸಾಲೆ ಒಳಗೆ ಹೋಗುವ ಗಂಟೆ ಇನ್ನೂ ಹೊಡೆದಿರಲಿಲ್ಲ ಎಂದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಅವತ್ತು ಜೀವನದಲ್ಲಿ ಮೊದಲ ಸಲ ಇಡೀ ರಿಪೋರ್ಟನ್ನು ಕನ್ನಡದಲ್ಲಿ ಬರೆದೆ, ಹಿರಿಯರಿಗೆ ಓದಲು ಬರಲಿ ಎಂದು. ಈಕೆಗೆ ಇರುವುದು ಸೋಗಲ್ಲ, ಕೀಲುಗಳಲ್ಲಿ ಉರಿಯೂತವಿದೆ, ಎಲುಬು ತಿಂದಿದೆ, ಮದ್ದು ಕೊಡದಿದ್ದರೆ ಕೈ ಸೊಟ್ಟಗಾಗುತ್ತದೆ, ಈ ನೋವು ಒಮ್ಮೊಮ್ಮೆ ಇಳಿದು ಮತ್ತೆ ಏರುವುದು ಸಹಜ ಎಂದು. ಆ ಕಡೆಯ ಮಾತು ರೊಟ್ಟಿಗಳ ಬಾಯಿ ಮುಚ್ಚಿಸಲು ಬರೆದದ್ದು. ಅದು ಶಾಸ್ತ್ರದ ಪ್ರಕಾರ ಸರಿಯೇ. ಆದರೆ ಅರ್ಧ ತಾಸಿಗೆ ಪೂರ್ತಿ ಇಳಿದು, ಅಷ್ಟೇ ಬೇಗ ಪೂರ್ತಿ ಏರುವುದು ಯಾವ ಶಾಸ್ತ್ರದಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು. ಹಿರಿಯರು ಕಾಗದವನ್ನು ನಂಬಿದರು. ರೇಣುಕಾ ತವರಿಗೆ ಹೋಗಲಿಲ್ಲ. ಗಂಗಾವತಿಯ ಡಾಕ್ಟರ ಹತ್ತಿರ ಮದ್ದು ನಡೆಯಿತು, ಪ್ರತಿ ಸಲ ನಾದಿನಿಯೇ ಜೊತೆಗೆ ಬರುತ್ತಾಳೆ ಎಂದು ಅವರೊಮ್ಮೆ ಹೇಳಿದರು. ಆ ನಾದಿನಿಗೆ ಕೀಲು ನೋವು ಇದೆಯೇ ಎಂದು ಸುತ್ತಿಬಳಸಿ ಕೇಳಿದೆ. ಒಂದು ಬೆರಳೂ ನೋಯುವುದಿಲ್ಲವಂತೆ.

ಒಂದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ. ಆ ಶನಿವಾರ ರಿಪೋರ್ಟು ಕೈಗೆ ಕೊಟ್ಟ ಮೇಲೂ ಅವರಿಬ್ಬರು ಹೋಗಲಿಲ್ಲ. ಸಾವಿತ್ರಿ ಮಂಚದ ಮೇಲೆ ತಾನಾಗಿಯೇ ಹೋಗಿ ಮಲಗಿದಳು. ರವಿಕೆಯ ತೋಳು ಮೇಲೆ ಸರಿಸಿಕೊಂಡು ಎರಡೂ ಕೈಗಳನ್ನು ದಿಂಬಿನ ಮೇಲೆ ಚಾಚಿದಳು.

"ಇನ್ನೊಂದು ಸಲ ನನ್ನ ನೋಡ್ರಿ ಸಾಹೇಬ್ರ. ವೈನಿ ಹೆಸರು, ರೇಣುಕಾ ಅಂತ ಬರಕೊಂಡು ನೋಡ್ರಿ. ಅರ್ಧ ತಾಸರ ಆಕಿ ಆರಾಮ ಇರ್ಲಿ. ನನಗೇನು ನೋವು ಆಗಂಗಿಲ್ಲ."

ಮೋಸ ಮಾಡಲೆಂದು ಬಂದು ಮಲಗಿದ್ದ ಹುಡುಗಿ ಎರಡೇ ದಿನಕ್ಕೆ ಹೀಗೆ ಕೇಳಿದಳು. ರೇಣುಕಾ ಬಾತ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿದ್ದ ಆಸೆಯನ್ನು ನಾನು ಮರೆಯಲಾರೆ.

ಪರೀಕ್ಷೆ ಮಾಡಿ ತೋರಿಸು, ಆಮೇಲೆ ನಂಬುತ್ತೇನೆ: ಎಷ್ಟು ಜನರ ಬಾಯಿಯನ್ನು ಈ ಒಂದು ಮಾತಿನಿಂದ ಮುಚ್ಚಿಸಿದ್ದೆ ನಾನು! ಇಲ್ಲಿ ಪರೀಕ್ಷೆ ತಾನಾಗಿಯೇ ಬಂದು ಮಂಚದ ಮೇಲೆ ಮಲಗಿತ್ತು. ನಾನು ಮಾಡಬೇಕಾದದ್ದು ಒಂದು ಹೆಸರು ಹೊಡೆಯುವುದು. ಸ್ವಚ್ಛ ಬಂದರೆ ನಿಶ್ಚಿಂತೆ. ಕೆಂಪು ಬಂದರೆ ಆ ಹೆಂಗಸಿಗೆ ಅರ್ಧ ತಾಸು ಸುಖ. ಇವತ್ತಿಗೂ ನನಗೆ ಏನು ನಡೆಯಿತೆಂದು ಗೊತ್ತಿಲ್ಲ. ಗೊತ್ತಾಗದಿರಲು ಯಂತ್ರ ಕಾರಣವಲ್ಲ, ನಾನು.

ಹೊರಗೆ ಪೇಷಂಟುಗಳು ಕಾಯುತ್ತಿದ್ದಾರೆ, ಏಳವಾ ಎಂದೆ. ಯಂತ್ರ ಆರಿಸಿದೆ. ಸಾವಿತ್ರಿ ಎದ್ದು ಅತ್ತಿಗೆಯ ಕೈ ಹಿಡಿಯಲು ಹೋಗಿ, ನೋಯುತ್ತದೆಂದು ನೆನಪಾಗಿ, ಮೊಣಕೈ ಹಿಡಿದುಕೊಂಡು ಹೊರಗೆ ನಡೆಸಿದಳು. ಹೊರಗಿನ ಬೆಂಚು ಖಾಲಿ ಇದ್ದದ್ದನ್ನು ಇಬ್ಬರೂ ನೋಡಿದರು.